ಬೆಳಿಗ್ಗೆ ಮಾತ್ರ ಉಸಿರುಗಟ್ಟುತ್ತಿದ್ದ ಮಷಿನ್

ಆಗ ನನಗೆ ಅರವತ್ತಮೂರು. ಎರಡು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಒಂದು ಮದುವೆ ಛತ್ರದಲ್ಲಿ ಕೆಲಸ. ಹತ್ತೊಂಬತ್ತು ವರ್ಷ ಅದರ ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕಿದವಳು ನಾನು. ಮುಂದಿನ ಹುಲ್ಲುಹಾಸು ಕತ್ತರಿಸುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಅವನ ಮಷಿನ್ ನನ್ನ ಕೈಗೆ ಬಂತು. ಬಂದಮೇಲೆ ನಾನು ಬಿಡಲಿಲ್ಲ.

ನನಗೆ ಓದು ಅಷ್ಟಕ್ಕಷ್ಟೆ. ಆ ಮಷಿನ್‌ಗೆ ಓದು ಬೇಕಿರಲಿಲ್ಲ. ವೇಗದ ಹಿಡಿಕೆಯ ಒಂದು ತುದಿಗೆ ಮೊಲದ ಚಿತ್ರ, ಇನ್ನೊಂದು ತುದಿಗೆ ಆಮೆ. ತಣ್ಣಗಿರುವಾಗ ಎಂಜಿನ್ನಿಗೆ ಹೋಗುವ ಗಾಳಿ ಮುಚ್ಚುವ ಚೋಕ್ ಎಳೆದು ಹಗ್ಗ ಜಗ್ಗಬೇಕು. ಎಂಜಿನ್ ಹತ್ತಿಕೊಂಡಮೇಲೆ ಚೋಕ್ ಒಳಗೆ ತಳ್ಳಿ, ಹಿಡಿಕೆಯನ್ನು ಮೊಲಕ್ಕೆ ತರಬೇಕು. ಅಷ್ಟೇ ವಿದ್ಯೆ.

ಬೆಳಕು ಹರಿದಾಗಿನಿಂದ ಎಂಟೂವರೆಯವರೆಗೆ ನನ್ನ ಹೊತ್ತು. ಆಮೇಲೆ ಮದುವೆಯವರು ಬರುತ್ತಾರೆ, ರಾತ್ರಿಯವರೆಗೂ ಹುಲ್ಲಿನ ಮೇಲೆ ಕುರ್ಚಿ. ಇಬ್ಬನಿಯಲ್ಲಿ ಹುಲ್ಲು ಕತ್ತರಿಸಬಾರದು ಅನ್ನುತ್ತಾರೆ. ಅನ್ನಲಿ. ಚಳಿಗಾಲದಲ್ಲಿ ಆ ಹೊತ್ತಿಗೆ ಮಂಜು ಎಷ್ಟಿರುತ್ತಿತ್ತೆಂದರೆ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಆರಿಸಲು ಮರೆತ ಬಣ್ಣದ ದೀಪಗಳು ಮಂಜಿನೊಳಗೆ ನೆನೆದು ಊದಿಕೊಂಡು, ಎಲ್ಲೂ ಕಟ್ಟಿಲ್ಲದ ಹಾಗೆ ತೇಲುತ್ತಿದ್ದವು. ಹುಲ್ಲಿನ ಜೊತೆ ರಾತ್ರಿ ಚೆಲ್ಲಿದ ಗುಲಾಬಿ ಪಕಳೆಯೂ ಪುಡಿಯಾಗಿ, ಹಸಿ ವಾಸನೆ ಎದ್ದು ಮುಖಕ್ಕೆ ಅಂಟುತ್ತಿತ್ತು. ನಿದ್ದೆಯಲ್ಲೇ ನಡೆಯುತ್ತಿದ್ದೇನೋ ಅನ್ನುವ ಹಾಗಿತ್ತು. ಅಷ್ಟು ಹೊತ್ತು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಪಾತ್ರೆ ಮುಂದೆ ಕೂತವಳನ್ನು ಎಲ್ಲರೂ ಕರೆಯುತ್ತಾರೆ.

ಡಿಸೆಂಬರ್ ಹುಟ್ಟಿತು, ಮಷಿನ್ ಕೆಟ್ಟಿತು. ಚೋಕ್ ಎಳೆದರೆ ಹೇಗೋ ಹತ್ತಿಕೊಳ್ಳುವುದು. ಚೋಕ್ ತಳ್ಳಿ ಮೊಲಕ್ಕೆ ತಂದರೆ ವೇಗ ಏರುವ ಬದಲು ಗೊರಗೊರ ಅಂದು, ಕಪ್ಪು ಹೊಗೆ ಕಾರಿ ನಿಂತುಬಿಡುವುದು. ಪ್ಲಗ್ ಬಿಚ್ಚಿ ನೋಡಿದೆ, ಬರೀ ಮಸಿ. ಒರೆಸಿ ಹಾಕಿದೆ. ಹಳೆ ಪೆಟ್ರೋಲ್ ತೆಗೆದು ಹೊಸದು ತುಂಬಿದೆ. ಚೋಕ್ ತಂತಿ ಸಿಕ್ಕಿಕೊಂಡಿದೆಯೇನೋ ಎಂದು ಎಳೆದು ಬಿಟ್ಟು ನೋಡಿದೆ, ಸಲೀಸಾಗಿ ಹೋಗಿ ಬರುತ್ತಿತ್ತು. ಚೋಕ್ ತೆರೆದೇ ಇತ್ತು; ಎಂಜಿನ್ ಮಾತ್ರ ಅದು ಮುಚ್ಚಿದ ಹಾಗೆ ಆಡುತ್ತಿತ್ತು.

ಭದ್ರಾವತಿಯಿಂದ ಮೆಕ್ಯಾನಿಕ್ ಬಂದ. ಅವನು ಬರುವಾಗ ಮಟಮಟ ಮಧ್ಯಾಹ್ನ. ಹಿಂದಿನ ಶೆಡ್ಡಿನಲ್ಲಿ ಒಂದೇ ಸಲ ಹಗ್ಗ ಜಗ್ಗಿದ. ಎಂಜಿನ್ ಮೊಲದ ತನಕ ಏರಿ ಗುಯ್ಯೆಂದಿತು.

"ಏನ್ ಪಾಟಿ, ಗಂಡಸು ಕೈ ಹಾಕಿದ್ರೆ ಮಾತ್ರ ಸ್ಟಾರ್ಟ್ ಆಗ್ತದಾ ನಿನ್ ಮಷಿನ್ನು?" ಅಂದ. ತಮಿಳರ ಮನೆಯವನು, ಅಜ್ಜಿಗೆ ಪಾಟಿ ಅನ್ನುತ್ತಾನೆ.

"ಬೆಳಿಗ್ಗೆ ಆಗಲ್ಲ ಮಾರಾಯ. ಹೊಗೆ ಕಾರಿ ನಿಲ್ತದೆ."

"ಬೆಳಿಗ್ಗೆ ನಾನೂ ಸ್ಟಾರ್ಟ್ ಆಗಲ್ಲ. ಟೀ ಬೇಕು." ಮೂಗು ಎಳೆದ. "ಯಾರೋ ಮಂಗಳೂರು ಕಡೆಯವ್ರು ಮೀನು ಕರೀತಾವ್ರೆ."

"ಛತ್ರದಲ್ಲಿ ಮೀನಾ? ಬಾಯಿ ಮುಚ್ಕೊಂಡು ಕೆಲ್ಸ ನೋಡೋ."

ಎರಡನೇ ಸಲ ಬಂದಾಗಲೂ ಮಧ್ಯಾಹ್ನವೇ, ಆಗಲೂ ಹೀಗೇ. ಮಷಿನ್ ಸರಿಯಾಗಿದೆ, ಅಜ್ಜಿಗೇ ಜಗ್ಗುವ ಶಕ್ತಿ ಇಲ್ಲ ಎಂದು ಮ್ಯಾನೇಜರಿಗೆ ಹೇಳಿ ಹೋದ.

"ಹಟ ಮಾಡ್ಬೇಡಿ ಅಜ್ಜಿ," ಅಂದರು ಮ್ಯಾನೇಜರು. "ಗುರುವಾರ ದೊಡ್ಡ ರಿಸೆಪ್ಶನ್ನು. ಬುಧವಾರ ಬೆಳಿಗ್ಗೆ ಹುಲ್ಲು ಕತ್ತರಿಸಿರದಿದ್ರೆ ಮಷಿನ್ ಬೇರೆಯವ್ರಿಗೆ ಕೊಡ್ತೀನಿ. ನೀವು ಪಾತ್ರೆ ಕಡೆಗೇ ಹೋಗಿ."

"ಶಕ್ತಿ ಇಲ್ವಾ? ನಿಮ್ಮ ಸಾರಿನ ಕೊಳಗ ಎತ್ತಿದವಳು ಯಾರು ಸರ್?" ಅಂದೆ. ಅವರು ಫೋನು ನೋಡುತ್ತಿದ್ದರು.

ಬುಧವಾರ ಬೆಳಕು ಹರಿಯುವ ಮೊದಲೇ ಎದ್ದು ತಲೆ ಬಾಚಲು ಕೂತೆ. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳಲಿಲ್ಲ. ಬಾಟಲಿ ಹಿಡಿದುಕೊಂಡು ಹಾಗೇ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹೊರಗೆ ಹಾಲಿನವನ ಗಾಡಿ ಬಂದು ಹೋಯಿತು.

ಎಂಜಿನ್ನಿಗೆ ಗಾಳಿ ಹೋಗುವ ಕಡೆ ಒಂದು ಸ್ಪಂಜು ಇರುತ್ತದೆ, ಧೂಳು ತಡೆಯಲು. ತೊಳೆದು ಸ್ವಲ್ಪ ಎಣ್ಣೆ ಸವರಬೇಕು ಎಂದು ಮೊದಲಿದ್ದವನು ಹೇಳಿ ಹೋಗಿದ್ದ. ಆಯುಧಪೂಜೆಯ ದಿನ ಮಷಿನ್ ತೊಳೆದಾಗ ನಾನು ಡಬ್ಬದ ಗಬ್ಬು ಎಂಜಿನ್ ಎಣ್ಣೆ ಬಿಟ್ಟು, ಹಬ್ಬದ ದಿನ ಇದಕ್ಕೂ ಒಳ್ಳೆಯದೇ ಸಿಗಲಿ ಎಂದು, ತಲೆಗೆ ಹಾಕುವ ಕೊಬ್ಬರಿ ಎಣ್ಣೆಯನ್ನೇ ಸ್ಪಂಜು ನೆನೆಯುವಷ್ಟು ಸುರಿದಿದ್ದೆ. ಆಗ ಸೆಕೆ, ಏನೂ ಆಗಲಿಲ್ಲ. ಈಗ ರಾತ್ರಿಯ ಚಳಿಗೆ ಗಟ್ಟಿಯಾಗಿ ಗಾಳಿ ಕಟ್ಟುತ್ತಿತ್ತು, ಮಧ್ಯಾಹ್ನದ ಬಿಸಿಲಿಗೆ ಕರಗುತ್ತಿತ್ತು. ಮೀನು ಕರೀತಾರೆ ಎಂದು ಮೆಕ್ಯಾನಿಕ್ಕಿನ ಮೂಗಿಗೆ ಬಡಿದದ್ದೂ ಇದೇ ಕೊಬ್ಬರಿ ಎಣ್ಣೆ. ಕೆಡಿಸಿದವಳು ನಾನೇ.

ಶೆಡ್ಡಿಗೆ ಹೋಗಿ ಮುಚ್ಚಳ ತೆಗೆದರೆ ಸ್ಪಂಜು ಬಿಳಿ ಮೇಣದ ಹಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಪ್ಲಗ್ ಒರೆಸಿ ಹಗ್ಗ ಜಗ್ಗಿದೆ. ಚೋಕ್ ತಳ್ಳಿದೆ. ಮೊಲದ ತನಕ ಏರಿತು, ಇಳಿಯಲಿಲ್ಲ. ಆರಿಸಿ, ಅಡುಗೆಮನೆಯಿಂದ ಬಿಸಿನೀರು ಈಸಿಕೊಂಡು ಸೋಪಿನ ಪುಡಿಯಲ್ಲಿ ಸ್ಪಂಜನ್ನು ಮೂರು ಸಲ ತೊಳೆದೆ. ಹಿಂಡಿ, ಒಲೆಯ ಪಕ್ಕ ಹಿಡಿದು ಒಣಗಿಸಿದೆ. ಸದ್ಯಕ್ಕೆ ಎಣ್ಣೆಯಿಲ್ಲದೆ ಒಣಗಿದ್ದನ್ನೇ ಕೂರಿಸಿದೆ.

ಆಮೇಲೆ ಮಂಜಿನೊಳಗೆ ಇಳಿದೆ. ಮಂಜು ಎರಡಾಗಿ ಸರಿದು ನನ್ನ ಹಿಂದೆ ಮುಚ್ಚಿಕೊಳ್ಳುತ್ತಿತ್ತು. ಛತ್ರ ಯಾವ ಕಡೆ, ರಸ್ತೆ ಯಾವ ಕಡೆ ತಿಳಿಯಲಿಲ್ಲ. ಎಂಜಿನ್ನಿನ ಗುಯ್ಯೆನ್ನುವ ಸದ್ದು ಕೈಯಿಂದ ಏರಿ ಹಲ್ಲಿನವರೆಗೆ ಬಂದು ಅಲ್ಲೇ ಇತ್ತು. ಸೂರ್ಯ ಕಾಣುವ ಹೊತ್ತಿಗೆ ಹುಲ್ಲು ಮುಗಿದಿತ್ತು.

ಮ್ಯಾನೇಜರು ಬಂದು ನೋಡಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂದ್ರೆ ನೀವೇ ಹಾಳು ಮಾಡಿದ್ದು! ಇನ್ನು ನಿಮ್ಮ ಕೈಲಿ ಹೆಂಗೆ ಬಿಡ್ಲಿ ಅಜ್ಜಿ?"

"ಹಾಳು ಮಾಡಿದವಳು ನಾನು, ಕಂಡುಹಿಡಿದವಳೂ ನಾನೇ. ನಿಮ್ಮ ಮೆಕ್ಯಾನಿಕ್ಕು ಎರಡು ಸಲ ಬಂದು ಏನು ಮಾಡ್ದ?"

ಅವರಿಗೆ ನಗು ಬಂತು, ತಡೆದುಕೊಂಡರು. "ಇರ್ಲಿ, ಮಷಿನ್ ನಿಮ್ಮ ಹತ್ರನೇ ಇರ್ಲಿ. ಆದ್ರೆ ಎಣ್ಣೆ ಹಾಕೋ ಕೆಲ್ಸ ಗೊತ್ತಿರೋರು ಮಾಡ್ಲಿ."

ಮಾರನೆಯ ಬೆಳಿಗ್ಗೆ ಸ್ಪಂಜನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ. ಮೆಕ್ಯಾನಿಕ್ ಶಟರ್ ಎತ್ತುವವರೆಗೆ ಅವನ ಅಂಗಡಿ ಮುಂದೆ ನಿಂತಿದ್ದೆ. ಯಾವ ಎಣ್ಣೆ, ಎಷ್ಟು ಹನಿ ಎಂದು ಕೇಳಿದೆ. ಅವನು ಸ್ಪಂಜಿಗೆ ಕೈ ಚಾಚಿದ, ನಾನು ಕೊಡಲಿಲ್ಲ. ಎಣ್ಣೆ ಡಬ್ಬ ಈಸಿಕೊಂಡು, ಅವನು ಸಾಕು ಅನ್ನುವವರೆಗೆ ನಾನೇ ಹಾಕಿ, ಬಟ್ಟೆಯಲ್ಲಿ ಸುತ್ತಿ ಹಿಂಡಿದೆ.