ಮೈಕಿನ ಕಿರುಚಾಟ ನುಂಗಿದ ಪೆಟ್ಟಿಗೆ

ಗೋವಿಂದರಾಜನಗರದಿಂದ ಕೆಂಗೇರಿ ಕಡೆಯ ಮಠಕ್ಕೆ ಎರಡು ಬಸ್ಸು. ಒಂದು ಆಳು ಕಳಿಸಿ "ನಿಮ್ಮ ಪೆಟ್ಟಿಗೆ ಕೆಟ್ಟಿದೆ, ಬನ್ನಿ" ಅಂದಿದ್ದರೆ ರೇವಣಸಿದ್ದಯ್ಯ ನಡೆದಾದರೂ ಹೋಗುತ್ತಿದ್ದ. ಮಠದ ಪಾರುಪತ್ಯ ನೋಡುವ ಸೋಮಲಿಂಗಪ್ಪ ಅಷ್ಟು ಮಾಡಲಿಲ್ಲ. ಆ ಸಿಟ್ಟು ಇವನಿಗೆ ಇವತ್ತಿಗೂ ಆರಿಲ್ಲ. ಮಠದ ಹೆಸರೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಾನೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕೆಲಸ ಕಲಿತು ಬಾಡಿಗೆಗೆ ಮೈಕ್‌ಸೆಟ್ ಇಟ್ಟುಕೊಂಡ. ಮದುವೆಯಿರಲಿ, ರಾಜ್ಯೋತ್ಸವವಿರಲಿ, ಒಂದೇ ಗೋಳು. ಭಾಷಣ ಕಾವೇರುವ ಹೊತ್ತಿಗೆ ಮೈಕು ಕುಂಯ್ ಎಂದು ಕಿರುಚುವುದು, ಜನ ಕಿವಿ ಮುಚ್ಚಿಕೊಂಡು ಇವನತ್ತ ದುರುಗುಟ್ಟುವುದು. ಧ್ವನಿವರ್ಧಕದ ಹಾರ್ನಿನ ಸದ್ದೇ ತಿರುಗಿ ಮೈಕಿಗೆ ನುಗ್ಗಿ ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಕಿರುಚುವ ಸ್ವರವನ್ನು ಮಾತ್ರ ನುಂಗಿ, ಮಿಕ್ಕಿದ್ದನ್ನು ಹಾಗೇ ಬಿಡುವ ಪೆಟ್ಟಿಗೆಯೊಂದನ್ನು ಮಾಡಬೇಕೆಂದು ಎಪ್ಪತ್ಮೂರರಲ್ಲಿ ಹಟ ಹಿಡಿದ.

ಮನೆ ಹಿಂದಿನ ಖಾಲಿ ಸೈಟಿನಲ್ಲಿ ಹಾರ್ನು ಕಟ್ಟಿ, ಅದರ ಬಾಯೆದುರಿಗೆ ಹೆಂಡತಿ ನೀಲಮ್ಮನ ಕೈಗೆ ಮೈಕು ಕೊಟ್ಟು ನಿಲ್ಲಿಸುತ್ತಿದ್ದ. ತಾನು ಪೆಟ್ಟಿಗೆ ಮುಂದೆ ಕೂತು ಗುಜರಿಯಿಂದ ತಂದ ತಂತಿ ಸುತ್ತುವುದು, ಬಿಚ್ಚುವುದು. ಪೆಟ್ಟಿಗೆ ಯಾವ ಸ್ವರ ನುಂಗುತ್ತದೆಂಬುದು ಆ ಸುತ್ತುಗಳ ಲೆಕ್ಕದ ಮೇಲೆಯೇ ನಿಂತಿತ್ತು. ಅವಳ ಕಿವಿ ಎಂಥದೆಂದರೆ, ಕಿರುಚಾಟ ಹುಟ್ಟುವ ಮೊದಲೇ ಅದನ್ನು ಹಿಡಿಯುತ್ತಿತ್ತು.

"ಬರ್ತಾ ಇದೆ ಕಣ್ರೀ. ಇನ್ನೆರಡು ಸುತ್ತು ಬಿಚ್ಚಿ."

"ನಂಗೇನೂ ಕೇಳಿಸ್ತಿಲ್ವಲ್ಲೇ."

"ನಿಮಗೆ ಊಟಕ್ಕೆ ಕರೆದ್ರೂ ಕೇಳ್ಸಲ್ಲ. ಬಿಚ್ಚಿ ಸುಮ್ನೆ."

ಹೀಗೇ ಎರಡು ವರ್ಷ. ಮೈಕು ಬಾಯಿ ಮುಚ್ಚಿತು. ಒಟ್ಟು ಎಷ್ಟು ಸುತ್ತಾಯಿತೆಂದು ಇವನು ಎಲ್ಲೂ ಬರೆದಿಡಲಿಲ್ಲ. ಪೆಟ್ಟಿಗೆ ಎದುರಿಗೇ ಇದೆಯಲ್ಲ, ಬರೆಯುವುದೇನು ಅಂದುಕೊಂಡ. ಆದರೆ ಅವರ ಮನೆತನದಲ್ಲಿ ಹಸು ಕರು ಹಾಕಿದರೆ ಮೊದಲ ಗಿಣ್ಣು ಮಠಕ್ಕೆ, ಮಗ್ಗದಿಂದ ಇಳಿದ ಮೊದಲ ಪಂಚೆಯೂ ಮಠಕ್ಕೆ. ಪೆಟ್ಟಿಗೆಯನ್ನೂ ಹಾಗೇ ಮಠಕ್ಕೆ ಕೊಡಲು ಹೊರಟ.

"ಇನ್ನೊಂದು ಮಾಡಿಟ್ಕೊಂಡು ಆಮೇಲೆ ಕೊಡಿ," ಅಂದಳು ನೀಲಮ್ಮ.

"ಮೊದಲನೇದು ಕಣೇ ಸ್ವಾಮಿಗೆ ಸೇರೋದು. ಮನೇಲಿಟ್ಕೊಂಡ್ರೆ ಅದು ಕಳ್ತನ."

ಕಾರ್ತೀಕದಲ್ಲಿ ಸ್ವಾಮಿಗಳು ಎರಡು ಗಂಟೆ ಪ್ರವಚನ ಕೊಟ್ಟರು. ಮೈಕು ಒಮ್ಮೆಯೂ ಕುಂಯ್ ಅನ್ನಲಿಲ್ಲ. ಇವನಿಗೆ ಶಾಲು ಹೊದಿಸಿದರು. ಕೇಳಲು ಬಂದಿದ್ದ ರಾಜಾಜಿನಗರದ ಕಾರ್ಖಾನೆಯ ಅಧಿಕಾರಿಯೊಬ್ಬರು, "ಇಂಥದ್ದೇ ಇನ್ನೊಂದು ಮಾಡಿ ತನ್ನಿ, ನಿಮ್ಮ ಹೆಸರಲ್ಲೇ ತಯಾರು ಮಾಡಿಸೋಣ," ಅಂದರು.

ಇನ್ನೊಂದು ಆಗಲೇ ಇಲ್ಲ. ಅದೇ ಥರದ ತಂತಿ, ಅದೇ ಸೈಟು, ಮೈಕು ಮಾತ್ರ ಕಿರುಚುತ್ತಲೇ ಇತ್ತು. ನೀಲಮ್ಮ "ಬಂತು" ಅನ್ನುವ ಹೊತ್ತಿಗೆ ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡಾಗಿರುತ್ತಿತ್ತು.

"ಕಿವಿ ಎಲ್ಲಿಟ್ಟಿದೀಯಾ?" ಎಂದು ಗದರಿದ.

"ಇಲ್ಲೇ ಇದೆ. ಕೇಳಿಸ್ತಿಲ್ಲ."

ಮೊದಲನೆಯದರ ಸುತ್ತನ್ನಾದರೂ ಎಣಿಸಿಕೊಂಡು ಬರೋಣವೆಂದು ಮಠಕ್ಕೆ ಹೋದ.

"ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ ಅಯ್ನೋರೇ?" ಎಂದ ಸೋಮಲಿಂಗಪ್ಪ.

"ವಾಪಸ್ ಬೇಡ, ನೋಡಿದ್ರೆ ಸಾಕು."

"ಅದು ಹೋದ ತಿಂಗಳೇ ನಿಂತೋಯ್ತು. ಶಂಭುಲಿಂಗಪ್ಪನ ಅಂಗಡಿಗೆ ರಿಪೇರಿಗೆ ಹಾಕಿದೀವಿ."

ಅಂಗಡಿಯಲ್ಲಿ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಹೊಸ ತಂತಿ ಫಳಫಳ ಹೊಳೆಯುತ್ತಿತ್ತು.

"ಫ್ಯೂಸ್ ಹೋಗಿತ್ತು ಅಷ್ಟೇ," ಎಂದ ಶಂಭುಲಿಂಗಪ್ಪ. "ತಂತಿ ತೀರಾ ಹಳೇದು, ಯಾರೋ ಹೆಂಗಂದ್ರೆ ಹಂಗೆ ಸುತ್ತಿದ್ರು. ಮಠದ್ದಲ್ವಾ ಅಂತ ಪುಕ್ಕಟೆ ಬದಲಾಯಿಸಿದೆ."

ಹಳೆಯ ತಂತಿ ಗುಜರಿಗೆ ತೂಕಕ್ಕೆ ಹೋಗಿಯಾಗಿತ್ತು. ರೇವಣಸಿದ್ದಯ್ಯ ಸ್ಟೂಲು ಎತ್ತಿದ. ನಾಲ್ಕು ಜನ ಹಿಡಿದುಕೊಂಡರು. ಹೊಡೆದಿದ್ದರೂ ಆ ತಂತಿ ವಾಪಸ್ ಬರುತ್ತಿತ್ತೇ?

ಇನ್ನು ಉಳಿದದ್ದು ನೀಲಮ್ಮನ ಕಿವಿ. ಅದೊಂದು ಸರಿಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದೆಂದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಎರಡೂ ಕಿವಿ ನೋಡಿ ತಲೆಯಾಡಿಸಿದರು.

"ನರ ಹೋಗಿದೆ. ಇನ್ನೂ ಕಮ್ಮಿಯಾಗ್ತಾ ಹೋಗುತ್ತೆ, ಔಷಧಿ ಇಲ್ಲ. ಎಲ್ಲಿ ಕೆಲಸ ಮಾಡ್ತಾರೆ, ಮಿಲ್ಲಲ್ಲಾ? ದೊಡ್ಡ ಸದ್ದಿನ ಪಕ್ಕ ನಿಂತವರಿಗೆ ಹೀಗಾಗುತ್ತೆ."

"ಇಲ್ಲ ಸಾರ್," ಎಂದ ಇವನು. "ಮನೇಲೇ ಇರ್ತಾಳೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಹತ್ತಿರದ ಮಾತು ಅವಳಿಗೆ ಆಗಿನ್ನೂ ಕೇಳಿಸುತ್ತಿತ್ತು. ಮಾಗಡಿ ರೋಡು ಬಂದಾಗ ಕೇಳಿದಳು.

"ಹಾರ್ನ್ ಮುಂದೆ ನಿಲ್ಲಿಸ್ತಿದ್ದೆ ಅಂತ ಯಾಕ್ರೀ ಹೇಳ್ಲಿಲ್ಲ?"

ರೇವಣಸಿದ್ದಯ್ಯ ಕಿಟಕಿಯಾಚೆ ಮುಖ ತಿರುಗಿಸಿದ. ಇದಾಗಿ ಮೂರು ವರ್ಷವಾಯಿತು. ಈಗ ಅವಳಿಗೆ ಏನೂ ಕೇಳಿಸುವುದಿಲ್ಲ. ಉತ್ತರ ಬಾಕಿಯೇ ಇದೆ.