ಸೊಟ್ಟ ಸಹಿಸದ ಅಜ್ಜಿ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅಜ್ಜಿ ಊಟದ ಮೇಜನ್ನೇ ಕಾರ್ಖಾನೆ ಮಾಡಿಬಿಡುತ್ತಾರೆ. ಅಂಗಡಿಯ ನಕ್ಷತ್ರ ಅವರ ಹೊಸ್ತಿಲು ದಾಟುವಂತಿಲ್ಲ. ಹಳೇ ಕ್ಯಾಲೆಂಡರು ನಕ್ಷತ್ರವಾಗಬೇಕು, ಬಿಚ್ಚಿದ ಸ್ವೆಟರಿನ ಉಣ್ಣೆ ಯಾರಿಗಾದರೂ ಟೋಪಿಯಾಗಬೇಕು. ಮಗ, ಸೊಸೆ, ಮೊಮ್ಮಗಳು ಕತ್ತರಿ ಹಿಡಿದು ಕೂತರೆ, ಒಂದು ಮೂಲೆ ಕೂದಲೆಳೆಯಷ್ಟು ಸೊಟ್ಟಗಾದರೂ “ಬಿಚ್ಚು, ಇನ್ನೊಂದ್ಸಲ ಮಾಡು” ಎನ್ನುತ್ತಾರೆ ಅಜ್ಜಿ. ನೋಡಲು ಬಂದ ಪಾದ್ರಿಗಳು ಆಸೆಪಟ್ಟು ಅಂಟಿಸಿದ್ದನ್ನೂ ಬಿಚ್ಚಿಸಿದವರು ಅವರು. ಈ ವರ್ಷ ತಾತ, ಲಕ್ವ ಹೊಡೆದ ಬಲಗೈಯನ್ನು ಮೇಜಿಗೆ ಆನಿಸಿಕೊಂಡು, ಮಧ್ಯಾಹ್ನವೆಲ್ಲ ಕೂತು ಒಂದು ನಕ್ಷತ್ರ ಅಂಟಿಸಿದರು. ಅದು ಮುದುಡಿದ ಎಲೆಯಂತಿತ್ತು. ಮನೆಯವರೆಲ್ಲ ಅಜ್ಜಿಯ ಮುಖ ನೋಡಿದರು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಬಾಗಿಲ ಮೇಲೆ ಕಟ್ಟು” ಎಂದು ಮಗನ ಕೈಗೆ ಕೊಟ್ಟರು. “ಸೊಟ್ಟಗಿದೆಯಲ್ಲ ಅಜ್ಜಿ?” ಎಂದಳು ಮೊಮ್ಮಗಳು. “ನಕ್ಷತ್ರನ ದೂರದಿಂದ ನೋಡ್ಬೇಕು ಕಣೇ” ಎಂದ ಅಜ್ಜಿ, ತಾತನ ಬೆರಳುಗಳಿಗೆ ಮೆತ್ತಿದ್ದ ಗೋಂದನ್ನು ಮೆಲ್ಲಗೆ ಒರೆಸತೊಡಗಿದರು.