ನಲವತ್ತೊಂಬತ್ತನೆಯ ತುಂಡು

ಸತ್ಯವ್ವ ಅಕ್ಕಾವರು ಧಾರವಾಡದ ಮಾಳಮಡ್ಡಿಯಿಂದ ನಾಲ್ಕು ಮೈಲಿ ನಡೆದು ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಬರುತ್ತಿದ್ದರು. ಸಂಜೆ ಮತ್ತೆ ನಾಲ್ಕು ಮೈಲಿ. ನಮ್ಮೂರು ಅಮ್ಮಿನಬಾವಿಯ ದಾರಿಯಲ್ಲಿದೆ, ಎಲ್ಲ ಎರೆಮಣ್ಣು. ಮಳೆ ಬಿದ್ದ ದಿನ ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬರುತ್ತಿದ್ದರು. ಶಾಲೆಯ ಕಟ್ಟೆಯ ಮೇಲೆ ಕುಳಿತು ಕಾಲು ತೊಳೆದುಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಗಂಟೆ ಬಾರಿಸುತ್ತಿದ್ದರು. ಗೋಡೆಯ ಆಚೆಗಿನ ಗಂಡುಮಕ್ಕಳ ಶಾಲೆಗೆ ನಾನು ಮಾಸ್ತರನಾಗಿ ಹೊಸದಾಗಿ ಸೇರಿದ್ದೆ. ಇದು ೧೯೩೪ರ ಮಾತು. ಅವರಿಗೆ ಆಗಲೇ ಐವತ್ತು ಸಮೀಪಿಸಿತ್ತು. ಎಳೆವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಅಂದಿನಿಂದಲೂ ಹೀಗೆಯೇ ನಡೆಯುತ್ತಿದ್ದರು.

ಆ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಮಾತ್ರ ಕಲಿಸುತ್ತಿದ್ದರು. ಅದು ಮುಗಿದರೆ ಹುಡುಗಿ ಮನೆ ಸೇರಬೇಕು. ನಾಲ್ಕನೆಯ ಇಯತ್ತೆಗೆ ಮಂಜೂರಾತಿ ಬೇಕೆಂದು ಅಕ್ಕಾವರು ಆರು ವರ್ಷ ಅರ್ಜಿ ಬರೆದಿದ್ದರು. ಕಡೆಗೆ, ಈ ಸಲದ ತಪಾಸಣೆಯಲ್ಲಿ ಮಕ್ಕಳ ಗಣಿತ ನೋಡಿ ನಿರ್ಧರಿಸುವುದಾಗಿ ಉತ್ತರ ಬಂದಿತ್ತು. ಮೂರನೆಯದರಲ್ಲಿ ಒಂಬತ್ತು ಜನ ಹುಡುಗಿಯರಿದ್ದರು.

ಅವರಲ್ಲಿ ಅಬೀದಾ ಒಬ್ಬಳು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಉಳಿದವರು ರಾಗವಾಗಿ ಹೇಳುತ್ತಿದ್ದರೆ ಈಕೆ ತುಟಿ ಬಿಚ್ಚುತ್ತಿರಲಿಲ್ಲ. ಒಂದು ಸಂಜೆ ಅಕ್ಕಾವರು ಅವಳ ಮನೆಗೆ ಹೋದರು. ತಾಯಿ ಮದೀನಾಬಿ ಹಳೆಯ ಸೀರೆ, ಧೋತರಗಳ ತುಂಡು ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಕತ್ತರಿಸಿ ನಾಲ್ಕು ಮುಮ್ಮೂಲೆ ಮಾಡುವುದು ಅವಳ ರೂಢಿ.

“ಐದು ಚೌಕ ತುಂಬಾಕ ಮುಮ್ಮೂಲಿ ಎಷ್ಟ ಬೇಕ?” ಎಂದು ಮಗಳನ್ನು ಕೇಳಿದಳು.

“ಇಪ್ಪತ್ತು, ಅಮ್ಮಾ,” ಎಂದಳು ಅಬೀದಾ, ತಲೆ ಎತ್ತದೆ.

“ಹಂಗಾದ್ರ ಸಾಲ್ಯಾಗ ಯಾಕ ಬಾಯಿ ಬಿಡಂಗಿಲ್ಲ?” ಎಂದರು ಅಕ್ಕಾವರು.

“ಅಲ್ಲಿ ತುಂಡು ಕಾಣಂಗಿಲ್ರಿ, ಅಕ್ಕಾರ.”

ಮರುದಿನದಿಂದ ಶಾಲೆಗೆ ಬಟ್ಟೆಯ ತುಂಡುಗಳು ಬಂದವು. ಕಾಲು, ಅರೆ ಎಲ್ಲ ನೆಲದ ಮೇಲೆ ಬಿದ್ದವು. ಮಕ್ಕಳು ಮಡಿಸಿದರು, ಕತ್ತರಿಸಿದರು, ಜೋಡಿಸಿ ತಾಳೆ ನೋಡಿದರು. ಉದ್ದ, ಅಗಲ ಗುಣಿಸಿದರೆ ತುಂಡುಗಳ ಸಂಖ್ಯೆ ಏಕೆ ಬರುತ್ತದೆಂದು ಸಾಲು ಎಣಿಸಿ ತಾವೇ ಕಂಡುಕೊಂಡರು. ನಾನು ಗೋಡೆಯ ಮೇಲಿಂದ ನೋಡಿ ಬೆರಗಾಗುತ್ತಿದ್ದೆ. ಸಂಜೆಗೆ ಆ ಚಿಂದಿಯನ್ನೆಲ್ಲ ಬಾಚಿ ಗಂಟು ಕಟ್ಟುವುದು ಮಾತ್ರ ಅಕ್ಕಾವರ ಪಾಲಿಗೇ ಉಳಿಯುತ್ತಿತ್ತು. ಬಗ್ಗಿದರೆ ನಡು ಹಿಡಿಯುತ್ತಿತ್ತು.

ಮಾಘ ಮಾಸದಲ್ಲಿ ಶಾಲಾ ಇಲಾಖೆಯ ದಿಪೋಟಿ ಸಾಹೇಬರು ತಪಾಸಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಬೆಳಗಿನಿಂದ ಎರಡು ಶಾಲೆ ನೋಡಿ ದಣಿದಿದ್ದರು. ತುಂಡುಗಳನ್ನು ಕಂಡು ನಕ್ಕು, “ಏನ್ರಿ ಅಕ್ಕಾರ, ಸಾಲಿಯೋ ಸಂತಿಯೋ? ಇರ್ಲಿ, ಕೌದಿ ಮ್ಯಾಲೇ ಕೇಳ್ತೇನಿ,” ಎಂದರು. ಅಬೀದಾಳ ಕಡೆ ಬೆರಳು ತೋರಿಸಿದರು. “ಉದ್ದಕ್ಕ ಎಂಟು ಚೌಕ, ಅಡ್ಡಕ್ಕ ಆರು. ಇಂಥಾ ಕೌದಿಗೆ ತುಂಡು ಎಷ್ಟು ಬೇಕು?”

“ನಾಲ್ವತ್ತೊಂಬತ್ತು, ಸಾಹೇಬ್ರ.”

ಸಾಹೇಬರ ಹುಬ್ಬು ಮೇಲೇರಿತು. ಉಳಿದವರನ್ನು ಕೇಳಿದರು. ಒಂಬತ್ತು ಹುಡುಗಿಯರೂ ಒಂದೇ ಉತ್ತರ ಕೊಟ್ಟರು.

“ಎಂಟಾರ್ಲೆ ನಾಲ್ವತ್ತೆಂಟು. ಇದನ್ನ ಗಂಡುಹುಡುಗ್ರು ನಿದ್ದಿಗಣ್ಣಾಗ ಹೇಳ್ತಾರ.”

ಅಕ್ಕಾವರು ಮೆಲ್ಲಗೆ ಹೇಳಿದರು: “ಕೌದಿ ಮುಗಸೂ ಮುಂದ ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ ಇಡ್ತಾರ್ರಿ. ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತೂದಿಲ್ಲಂತ. ಆ ರೊಟ್ಟಿ ಮುಚ್ಚಾಕ ಮ್ಯಾಲೊಂದು ತುಂಡು…”

“ಗಣಿತದಾಗ ರೊಟ್ಟಿ ಎಲ್ಲಿಂದ ಬಂತ್ರಿ?” ಎಂದು ಸಾಹೇಬರು ಶರಾ ಪುಸ್ತಕ ತೆರೆದು ತಮ್ಮ ಅಭಿಪ್ರಾಯ ಬರೆದರು: ನಾಲ್ಕನೆಯ ಇಯತ್ತೆಗೆ ಮಂಜೂರಾತಿ ಇಲ್ಲ. ಚಿಂದಿಯ ಉಪಯೋಗವನ್ನು ಹೊಲಿಗೆಯ ತಾಸಿಗೆ ಸೀಮಿತಗೊಳಿಸತಕ್ಕದ್ದು. ಸಹಿ ಮಾಡಿ ಹೊರಟುಹೋದರು.

ಸುದ್ದಿ ಕೇಳಿ ನಾನು ಹೋದಾಗ ಅಕ್ಕಾವರು ಕಟ್ಟೆಯ ಮೇಲೆ ಕುಳಿತಿದ್ದರು.

“ಮ್ಯಾಲಿನವರಿಗೆ ಒಂದು ಅರ್ಜಿ ಬರೀರಿ ಅಕ್ಕಾರ. ಇದು ಅನ್ಯಾಯ,” ಎಂದೆ.

“ಆರು ವರ್ಷ ಬರದೇನಿ, ಮಾಸ್ತರ. ಕೈ ಸೋತಾವು. ತಪ್ಪು ನಂದೂ ಐತಿ. ಹುಡಿಗ್ಯಾರ ಲೆಕ್ಕ ಬರೋಬ್ಬರಿ. ಕೇಳಾವ್ರು ಮನಿಯವ್ರೋ ಸಾಲಿಯವ್ರೋ ಅಂತ ನೋಡಿ ಹೇಳ್ರಿ ಅನ್ನೂದನ್ನ ನಾ ಕಲಸಲಿಲ್ಲ.”

ಶರಾ ಪುಸ್ತಕವನ್ನು ಮತ್ತೊಮ್ಮೆ ಓದಿದರು. “ಹೊಲಿಗಿ ತಾಸಿನ್ಯಾಗ ಮಾಡ್ರಿ ಅಂದಾರ. ಮೂರನೇತ್ತಾ ಮುಗಿಸಿದವ್ರು ಹೊಲಿಗಿಗೆ ಬರಬ್ಯಾಡಂತ ಎಲ್ಲಿ ಬರದಾರ? ಓದ್ರಿ ನೀವ.”

ಎಲ್ಲಿಯೂ ಬರೆದಿರಲಿಲ್ಲ.

ಮದೀನಾಬಿ ಒಪ್ಪಿದಳು. “ಹೊಲಿಗಿಗಾದ್ರ ಕಳಸ್ತೇನ್ರಿ. ಅವರಪ್ಪನೂ ಬ್ಯಾಡ ಅನ್ನಂಗಿಲ್ಲ. ಲೆಕ್ಕಂದ್ರ ಅಷ್ಟ ಹುಬ್ಬು ಗಂಟು ಹಾಕ್ತಾರ,” ಎಂದಳು. ಉಳಿದ ಎಂಟು ಮನೆಗಳಲ್ಲಿಯೂ ಹಾಗೆಯೇ ಆಯಿತು. ದಿನದ ಕೊನೆಯ ತಾಸು ಹೊಲಿಗೆಯದು. ಆ ತಾಸಿನಲ್ಲಿ ನಾಲ್ಕನೆಯ ಇಯತ್ತೆಯ ಗಣಿತ ನಡೆಯಿತು. ಪಾಟಿಯ ನಡುವೆ ಗೆರೆ ಎಳೆದು ಒಂದು ಕಡೆ ಮನೆಯ ಲೆಕ್ಕ, ಇನ್ನೊಂದು ಕಡೆ ಶಾಲೆಯ ಲೆಕ್ಕ. ಮನೆಯ ಲೆಕ್ಕದಲ್ಲಿ ರೊಟ್ಟಿಗೆ ಜಾಗವಿತ್ತು. ತಾಸು ಮುಗಿಯುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ಅಕ್ಕಾವರು ಮಾಳಮಡ್ಡಿ ಮುಟ್ಟುವಾಗ ಮನೆಗಳಲ್ಲಿ ದೀಪ ಹಚ್ಚಿರುತ್ತಿದ್ದರು.

ಮರುವರ್ಷ ಒಂಬತ್ತು ಜನರಲ್ಲಿ ಮೊದಲಿಗಳಾಗಿ ಅಬೀದಾ ನಮ್ಮ ಶಾಲೆಯ ಗಂಡುಹುಡುಗರ ಜೊತೆ ನಾಲ್ಕನೆಯ ಇಯತ್ತೆಯ ಪರೀಕ್ಷೆಗೆ ಕುಳಿತಳು. ಹತ್ತು ಮೊಳ ಉದ್ದ, ಎಂಟು ಮೊಳ ಅಗಲದ ಅಂಗಳಕ್ಕೆ ಮೊಳದ ಚೌಕ ಕಲ್ಲು ಎಷ್ಟು ಬೇಕು ಎಂಬ ಪ್ರಶ್ನೆ ಬಂದಿತ್ತು. ಅವಳು ಸೀಸಕಡ್ಡಿ ಎತ್ತಿ ನನ್ನನ್ನು ಕರೆದಳು.

“ಮಾಸ್ತರ್ರ, ಇದು ಸಾಲಿದೇನ್ರಿ?”

ಕಾವಲಿಗಿದ್ದ ನಾನು ಉತ್ತರ ಹೇಳುವಂತಿರಲಿಲ್ಲ. ಅವಳು ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಸ್ವಲ್ಪ ಹೊತ್ತು ಕಡ್ಡಿ ಕಚ್ಚಿ, ಎಂಬತ್ತು ಎಂದು ಬರೆದಳು.

ಪರೀಕ್ಷೆಯ ನಿಕಾಲು ಬಂದ ದಿನ ಗೋಡೆ ಸುತ್ತಿ ಓಡಿದೆ. “ಪಾಸಾದ್ಲು ಅಕ್ಕಾರ! ನಾಕನೇತ್ತಾ ಪಾಸಾದ್ಲು!”

ಅವರು ಕಂಬಕ್ಕೆ ಒರಗಿ ಸೂಜಿಯನ್ನು ಬೆಳಕಿಗೆ ಹಿಡಿದಿದ್ದರು. ಮುಖದಲ್ಲಿ ಒಂದು ನಗೆ ಬಂದು ಹೋಯಿತು.

“ಛಲೋ ಆತು,” ಎಂದರು. “ಇನ್ನೂ ಎಂಟು ಮಂದಿ ಅದಾರ. ಇದಕ್ಕಷ್ಟು ದಾರ ಪೋಣಿಸಿ ಕೊಡ್ರಿ, ಮಾಸ್ತರ. ನನಗ ಕಣ್ಣು ಕಾಣವಲ್ವು.”